ಹಾಲಮ್ಮನ ಸಾಮಾನು

ನಿಟ್ಟುವಳ್ಳಿಯ ಹಳೇ ಮನೆಯ ಪಡಸಾಲೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೆಲ್ಲ ಗುಡ್ಡೆ ಹಾಕಿ ಸೊಸೆ ನಯನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆ ಗುಡ್ಡೆಗೆ ಅಡ್ಡವಾಗಿ, ಮರಿಗಳನ್ನು ಕಾಯುವ ಕೋಳಿಯ ಹಾಗೆ, ದ್ರಾಕ್ಷಾಯಣಮ್ಮ ಕೂತುಬಿಟ್ಟಿದ್ದಳು.

"ಅತ್ತೆ, ಹೊಸ ಮನಿಗೆ ಇವ್ಯಾವೂ ಬ್ಯಾಡ ಏಳ್ರಿ. ಪಾತ್ರೆ ಅಂಗಡಿಯೋರು ಹಳೇದು ತಗಂಡು ಹೊಸಾದು ಕೊಡ್ತಾರೆ. ಒಂದು ನಾನ್‌ಸ್ಟಿಕ್ ಸೆಟ್ಟೇ ಬರ್ತೈತೆ."

"ನಿನ್ನ ನಾನ್‌ಸ್ಟಿಕ್ಕಿನಾಗೆ ಜೋಳದ ಹಿಟ್ಟು ನಾದಾಕೆ ಬರ್ತೈತೇನು? ಈ ಪರಾತ ಹೋದ್ರೆ ನಿನ್ನ ಗಂಡಗೆ ರೊಟ್ಟಿ ಎಲ್ಲಿಂದ ಬರ್ಬೇಕು?"

"ಎಲ್ಲಾರೂ ಸ್ಟೀಲಿನಾಗೇ ನಾದ್ತಾರ್ರೀ."

"ಎಲ್ಲಾರ ರೊಟ್ಟಿನೂ ತಿಂದು ನೋಡೀನಿ ಬಿಡು. ಕಾಲಿಗೆ ಹಾಕ್ಕಂಡು ಹೋಗಬೌದು."

ಮೂಲೆಯಲ್ಲಿ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದ ಮೊಮ್ಮಗಳು ಸ್ನೇಹಾ ಕಿಸಕ್ಕನೆ ನಕ್ಕಳು. ನಯನಾ ಮಗಳ ಕಡೆ ಕಣ್ಣು ಬಿಟ್ಟಳು.

ಸೊಸೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಜಲಿಂಗಪ್ಪ ಬಡಾವಣೆಯ ಹೊಸ ಮನೆಯಲ್ಲಿ ಬಚ್ಚಲಿಗೆ ಗೀಸರು, ಅಡುಗೆಮನೆಗೆ ಫಿಲ್ಟರು. ಆದರೆ ಇವು ಅಟ್ಟ ಹತ್ತಿಸಿದ ಸಾಮಾನಲ್ಲ. ಅವತ್ತು ಬೆಳಿಗ್ಗೆ ಮನೆಯವರೆಲ್ಲ ಸ್ನಾನ ಮಾಡಿದ್ದು ಅದೇ ತಾಮ್ರದ ಹಂಡೆಯ ನೀರಿನಲ್ಲಿ. ತಿಂದ ರೊಟ್ಟಿಯ ಹಿಟ್ಟು ನಾದಿದ್ದು ಅದೇ ಹಿತ್ತಾಳೆ ಪರಾತದಲ್ಲಿ. ಕುಡಿದದ್ದು ಅದೇ ಕೊಡದ ನೀರು. ಒಂದೊಂದರ ಕಂಠದ ಹತ್ತಿರವೂ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದೇ ಹೆಸರು: ಹಾಲಮ್ಮ.

ಹಾಲಮ್ಮ ಎಂದರೆ ದ್ರಾಕ್ಷಾಯಣಮ್ಮನ ಗಂಡ ಪರಮೇಶ್ವರಪ್ಪನ ಮೊದಲ ಹೆಂಡತಿ. ಹರಿಹರದವಳು. ಅವಳ ಮಗ, ಅಂದರೆ ನಯನಾಳ ಗಂಡ ವೀರೇಶ, ಇನ್ನೂ ತೊದಲು ಮಾತಾಡುತ್ತಿದ್ದಾಗಲೇ ಜ್ವರ ಬಂದು ಹೋಗಿಬಿಟ್ಟಳು. ಆ ಕೂಸನ್ನು ನೋಡಿಕೊಳ್ಳಲೆಂದೇ ದ್ರಾಕ್ಷಾಯಣಮ್ಮನನ್ನು ತಂದುಕೊಂಡರು. ತಾಳಿಯ ಜೊತೆಗೆ ಹಾಲಮ್ಮನ ಹೆಸರಿನ ಪುಟ್ಟ ಚಿನ್ನದ ಬಿಲ್ಲೆಯನ್ನೂ ಪೋಣಿಸಿ ಕಟ್ಟಿಸಿದ ಅತ್ತೆ, ಹೊಸಿಲು ದಾಟುವಾಗಲೇ ಹೇಳಿದ್ದಳು: "ಈ ಮನಿಗೆ ಹೊಸಾದು ಏನ ಬರ್ಲಿ, ಮೊದ್ಲು ಹಿರೇಕಿದು, ಆಮ್ಯಾಲೆ ನಿಂದು." ಹಬ್ಬದ ಸೀರೆಯನ್ನು ಮೊದಲು ಆ ಬಿಲ್ಲೆಯ ಮುಂದಿಟ್ಟು, ಎಡೆ ತೋರಿಸಿ, ಆಮೇಲೆ ಇವಳು ಉಟ್ಟುಕೊಳ್ಳಬೇಕು. ಎರಡನೇ ಸಂಬಂಧದವರ ಮನೆಗಳಲ್ಲಿ ನಡೆದುಬಂದ ರೂಢಿ, ಇವಳೂ ನಡೆಸಿದಳು.

ಆಗ ನಿಟ್ಟುವಳ್ಳಿ ಇನ್ನೂ ಹಳ್ಳಿಯೇ. ದ್ರಾಕ್ಷಾಯಣಮ್ಮ ಎಮ್ಮೆ ಕಟ್ಟಿದಳು, ದೋಸೆ ಹೋಟೆಲಿನವರಿಗೆ ಬೆಣ್ಣೆ ಹಾಕಿದಳು. ಆ ಬೆಣ್ಣೆಯ ಗಳಿಕೆಯಲ್ಲಿ ಮೊದಲು ತಂದದ್ದು ಈ ಪರಾತ. ತಂದ ವಾರದಲ್ಲೇ ಹುಡುಗನಿಗೆ ಮೈ ಸುಟ್ಟು ಹೋಗುವಂಥ ಜ್ವರ. "ಹಿರೇಕಿ ಹೆಸ್ರಿಲ್ದಂಗೆ ಹೊಸಾ ಪಾತ್ರೆ ಒಳಗೆ ತಂದೀಯಲ್ಲೇ ಪಾಪಿ, ಅದ್ಕೇ ಕೂಸಿಗೆ ಕಾಡ್ತಾಳೆ" ಎಂದು ಅತ್ತೆ ಬಾಯಿ ಬಡಿದುಕೊಂಡಳು. ಚೌಕಿಪೇಟೆಯ ಮಸ್ತಾನಸಾಬ್ ಉಳಿ ಹಿಡಿದು ಹಾಲಮ್ಮನ ಹೆಸರು ಕೊರೆದುಕೊಟ್ಟ. ಜ್ವರ ಇಳಿಯಿತು. ಮಾತ್ರೆಯಿಂದ ಇಳಿಯಿತೋ ಹೆಸರಿನಿಂದ ಇಳಿಯಿತೋ, ಆ ಮೇಲೆ ತಂದ ಕೊಡ, ಡಬರಿ, ಹಂಡೆ ಎಲ್ಲವೂ ಅಂಗಡಿಯಿಂದ ನೇರ ಮಸ್ತಾನಸಾಬನ ಕಟ್ಟೆಗೆ ಹೋಗಿಯೇ ಮನೆಗೆ ಬಂದವು. ಅತ್ತೆ ಸತ್ತ ಮೇಲೆ ಹೇಳುವವರು ಯಾರೂ ಇರಲಿಲ್ಲ. ಆದರೂ ದ್ರಾಕ್ಷಾಯಣಮ್ಮ ಹೆಸರು ಬದಲಿಸಲಿಲ್ಲ. ಅವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ, ಇದ್ದೊಬ್ಬ ಈ ಹುಡುಗ. ಅವನನ್ನು ಮತ್ತೆ ಜ್ವರದಲ್ಲಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವನು ಅಕ್ಷರ ಕಲಿತದ್ದೇ ಹಂಡೆಯ ಮೇಲೆ. ಸ್ನಾನ ಮಾಡಿಸುವಾಗ ಅವನ ಒದ್ದೆ ಬೆರಳು ಹಿಡಿದು ಚುಕ್ಕಿಗಳ ಮೇಲೆ ಎಳೆಸುತ್ತಿದ್ದಳು: ಹಾ, ಲ, ಮ್ಮ. "ಯಾರು?" "ನಿಮ್ಮವ್ವ."

ಸಂಜೆ ವೀರೇಶ ಅಂಗಡಿಯಿಂದ ಬಂದ. ಗುಡ್ಡೆ ನೋಡಿದವನೇ ಹೆಂಡತಿಯ ಮೇಲೆ ಹರಿಹಾಯ್ದ.

"ಇದ್ರಾಗೆ ಒಂದು ಚಮಚ ಹೊರಗೆ ಹೋಗಿದ್ರೂ ನನ್ನಷ್ಟು ಕೆಟ್ಟೋನಿಲ್ಲ. ಹೆಸ್ರು ಕಾಣಲ್ಲೇನು ನಿಂಗೆ? ನಮ್ಮವ್ವಂದು ಇವು."

ನಯನಾ ಮುಖ ಊದಿಸಿಕೊಂಡು ಒಳಗೆ ಹೋದಳು. ದ್ರಾಕ್ಷಾಯಣಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಪಾತ್ರೆ ಉಳಿದವಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ಅವನಂದ ಮಾತನ್ನು ಅವಳು ಕಿವಿಗೊಟ್ಟು ಕೇಳಿರಲೇ ಇಲ್ಲ.

ಹೊಸ ಮನೆಗೆ ಹೋದ ಮೇಲೆ ಕಿವಿ ತೆರೆಯಿತು. ಒಕ್ಕಲು ಬರುವ ಮೊದಲೇ ವೀರೇಶ ಪಾತ್ರೆಗಳನ್ನು ಒಯ್ದು ಪಾಲಿಶ್ ಮಾಡಿಸಿ, ಮೇಲೆ ಅದೇನೋ ಹೊಳಪಿನ ಎಣ್ಣೆ ಹೊಡೆಸಿದ್ದ. ಹಾಲಿನಲ್ಲಿ ಗೋಡೆಯುದ್ದಕ್ಕೂ ಗಾಜಿನ ಶೋಕೇಸು. ಒಳಗೆ ಸಣ್ಣ ಬಲ್ಬುಗಳು. ಕೊಡ, ಡಬರಿ, ತಂಬಿಗೆ, ಪರಾತ ಸಾಲಾಗಿ ಕೂತಿದ್ದವು, ಹೆಸರು ಎದುರಿಗೆ ಕಾಣುವ ಹಾಗೆ. ಹಂಡೆ ಬಾಗಿಲ ಪಕ್ಕಕ್ಕೆ ಬಂದು, ಹೊಟ್ಟೆ ತುಂಬ ಪ್ಲಾಸ್ಟಿಕ್ ಹೂವು ತುಂಬಿಸಿಕೊಂಡು ನಿಂತಿತ್ತು. ವರ್ಷಗಟ್ಟಲೆ ಬೆಂಕಿ ತಿಂದು ಕಪ್ಪಾಗಿದ್ದ ತಳ ಈಗ ಮದುಮಗಳ ಕೆನ್ನೆಯಂತೆ ಮಿಂಚುತ್ತಿತ್ತು. ಕಬ್ಬಿಣದ ರೊಟ್ಟಿ ಹಂಚು ಮಾತ್ರ ಅಡುಗೆಮನೆಗೆ ಬಂತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆಯೇ ದ್ರಾಕ್ಷಾಯಣಮ್ಮ ಶೋಕೇಸಿನಿಂದ ಪರಾತ ತೆಗೆದಳು. ನಯನಾ ಓಡಿ ಬಂದು ಕೈ ಹಿಡಿದಳು.

"ಅತ್ತೆ! ಕೋಟಿಂಗ್ ಹೋಗ್ತೈತೆ. ಇಡ್ರಿ ಅದನ್ನ."

"ಹಿಟ್ಟು ಎದ್ರಾಗೆ ನಾದ್ಲಿ ಮತ್ತೆ, ನಿನ್ನ ನೆತ್ತಿ ಮ್ಯಾಲಾ?"

"ನೋಡ್ರಿ, ನಾನು ಕೊಟ್ಟು ಕಳಿಸ್ತೀನಿ ಅಂದೆ, ನೀವೇ ಬ್ಯಾಡ ಅಂದ್ರಿ. ಈಗ ನಿಮ್ಮ ಮಗನ್ನೇ ಕೇಳ್ರಿ."

ಕೊಟ್ಟ ಸ್ಟೀಲಿನ ಬೋಗುಣಿ ಗ್ರಾನೈಟು ಕಟ್ಟೆಯ ಮೇಲೆ ಜಾರಿಕೊಂಡು ಓಡಾಡಿತು. ಕೈಗೆ ಒತ್ತು ಸಿಗಲಿಲ್ಲ, ಹಿಟ್ಟು ಹದಕ್ಕೆ ಬರಲಿಲ್ಲ, ಹಂಚಿನ ಮೇಲೆ ರೊಟ್ಟಿಯ ಅಂಚು ಬಿರಿದವು.

"ಚಿಗವ್ವ, ಏನಾಗೈತೆ ನಿನ್ನ ಕೈಗೆ? ಒಣಗಿದ ಎಲಿ ಇದ್ದಂಗವೆ," ಎಂದ ವೀರೇಶ, ಎಣ್ಣೆಗಾಯಿ ಪಲ್ಯದಲ್ಲಿ ತುಣುಕು ಅದ್ದುತ್ತ. ಅವನು ಅವಳನ್ನು ಕರೆಯುತ್ತಿದ್ದುದು ಮೊದಲಿನಿಂದಲೂ ಚಿಗವ್ವ ಎಂದೇ. ಅದೂ ಅಜ್ಜಿ ಕಲಿಸಿದ್ದು.

"ಪರಾತ ಒಳಗೆ ಕುಂತೈತೆ, ನಾನು ಹೊರಗೆ ನಿಂತೀನಿ. ರೊಟ್ಟಿ ಹೆಂಗ್ ಬರ್ತಾವೆ?"

"ಅದೊಂದು ಬಿಟ್ಟು ಬ್ಯಾರೆ ಹೊಸಾದು ಎಂಥಾದು ಬೇಕೋ ಕೊಡ್ಸ್ತೀನಿ. ಅವ್ವನ ಸಾಮಾನು ಇನ್ನು ಮುಟ್ಟಬ್ಯಾಡ್ರಿ ಯಾರೂ. ಸವೆಸಿದ್ದು ಸಾಕು."

ಸವೆಸಿದ್ದು ಎಂದ ಮಾತು ದ್ರಾಕ್ಷಾಯಣಮ್ಮನ ಎದೆಗೆ ಚುಚ್ಚಿತು. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸವೆದದ್ದು ಪಾತ್ರೆಯೊಂದೇ ಅಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡಳು.

ಎರಡು ವಾರವಾಗಿರಬೇಕು. ರೂಢಿಯ ಕೈ, ಮರೆತು ತಂಬಿಗೆ ತೆಗೆದು ನೀರು ಕುಡಿಯಲು ಹೋದಳು. ನುಣುಪಾದ ನೆಲದ ಮೇಲೆ ಅದು ಬಿದ್ದು ಅಂಚು ನೆಗ್ಗಿತು. ಮಾರನೇ ದಿನ ಶೋಕೇಸಿಗೆ ಬೀಗ ಬಿತ್ತು. ಕೀಲಿ ವೀರೇಶನ ಜೇಬಿಗೆ ಹೋಯಿತು. ನೆಗ್ಗಿದ ತಂಬಿಗೆಯನ್ನು ರಿಪೇರಿಗೆಂದು ಒಯ್ದವನು ತರಲಿಲ್ಲ. ಅದರ ಜಾಗ ಖಾಲಿ ಉಳಿಯಿತು.

"ಅಜ್ಜಿ, ನಿಂಗೆ ಸಿಟ್ಟು ಬರಲ್ಲೇನು?" ಎಂದಳು ಸ್ನೇಹಾ. ಹತ್ತನೇ ಕ್ಲಾಸಿನ ಹುಡುಗಿ, ಅಜ್ಜಿಯ ಎಮ್ಮೆ-ಬೆಣ್ಣೆಯ ಕಥೆಗಳನ್ನು ಕೇಳಿಯೇ ಬೆಳೆದವಳು.

"ಸಿಟ್ಟು ಬಂದ್ರೆ ಬೀಗ ಬಿಚ್ಚಿಕಂತೈತೇನೆ?"

ಆ ಭಾನುವಾರ ಮನೆಗೆ ಊಟಕ್ಕೆ ಜನ ಬಂದರು. ಕೆ.ಬಿ. ಬಡಾವಣೆಯಿಂದ ನಯನಾಳ ತಂದೆ ತಾಯಿ; ಹರಿಹರದಿಂದ ವೀರೇಶನ ಸೋದರಮಾವ ವಾಮದೇವಪ್ಪ, ಅವನ ಹೆಂಡತಿ ನಿರ್ಮಲಮ್ಮ. ನಯನಾಳ ಅಪ್ಪ ದೊಡ್ಡ ಕುಳ. ಮದುವೆಯಾದಂದಿನಿಂದ ಅವರ ಮುಂದೆ ವೀರೇಶ ಅರ್ಧ ಬಾಗಿಯೇ ಕೂರುತ್ತಿದ್ದ. ಅವತ್ತು ನೆಟ್ಟಗೆ ನಿಂತು ಶೋಕೇಸಿನ ಬಲ್ಬು ಹಾಕಿದ.

"ಎಲ್ಲಾ ನಮ್ಮವ್ವಂದ್ರಿ ಮಾವಾರೆ. ತವರುಮನಿಯಿಂದ ಬಂದಿದ್ದು. ಆ ಕಾಲ್ದಾಗೆ ಇಷ್ಟು ಕೊಟ್ಟು ಕಳಿಸಿದ್ರು ಅಂದ್ರೆ ನೋಡ್ರಿ."

"ಹೋ! ಭಾರಿ ಮನೆತನ," ಎಂದರು ಬೀಗರು. "ಹಂಡೆನೇ ಈಗ ಸಿಗಾಂಗಿಲ್ಲ ಇಂಥಾದು."

ವಾಮದೇವಪ್ಪ ಮೀಸೆ ನೀವಿಕೊಂಡ. "ನಮ್ಮಪ್ಪ ಏನೂ ಕಮ್ಮಿ ಮಾಡ್ಲಿಲ್ಲ ಬಿಡ್ರಿ. ಅಕ್ಕ ಒಬ್ಬಾಕೆ."

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ದ್ರಾಕ್ಷಾಯಣಮ್ಮ ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಹೋಳಿಗೆಗೆ ಬಡಿಸುತ್ತಿದ್ದಳು. ಇಷ್ಟು ವರ್ಷ ಬಿಗಿಹಿಡಿದ ನಾಲಿಗೆ ಅವತ್ತು ಕೈಬಿಟ್ಟಿತು.

"ಆ ಹಂಡೆ ನಾನು ತಂದಿದ್ದು, ಅಣ್ಣಾರೆ. ಎಮ್ಮೆ ಬೆಣ್ಣೆ ಹಾಕಿ. ಪರಾತನೂ ನಾನೇ. ಅದ್ರಾಗೆ ಇರಾವೆಲ್ಲಾ ನಾನು ತಂದಿದ್ದೇ."

ತಿನ್ನುತ್ತಿದ್ದವರ ಕೈ ನಿಂತವು. ವಾಮದೇವಪ್ಪ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಅದೇ ಮೊದಲ ಸಲ ನೋಡಿದವನಂತೆ ನೋಡತೊಡಗಿದ. ಬೀಗರು ತಮ್ಮ ಹೆಂಡತಿಯ ಮುಖ ನೋಡಿದರು. ನಯನಾ ಗಡಬಡಿಸಿ, "ಅತ್ತೆ, ಅನ್ನ ತರ್ರಿ" ಎಂದಳು.

ಅವರೆಲ್ಲ ಹೊರಟ ಮೇಲೆ ವೀರೇಶ ಅಡುಗೆಮನೆಗೆ ಬಂದ. ಮುಖ ಕೆಂಡವಾಗಿತ್ತು.

"ಏನ್ ಸಿಕ್ತು ನಿಂಗೆ? ಅಷ್ಟು ಜನದ ಮುಂದೆ ನನ್ನ ಮಾನ ತೆಗ್ದು?"

"ಇದ್ದಿದ್ದು ಹೇಳಿದ್ನಪ್ಪ."

"ನೀನು ತಂದಿದ್ರೆ ನಿನ್ನ ಹೆಸ್ರು ಯಾಕ ಹಾಕ್ಸಲಿಲ್ಲ?"

"ನಿಮ್ಮಜ್ಜಿ ಹಾಕ್ಸಗೊಡ್ಲಿಲ್ಲ. ಆಮ್ಯಾಲೆ ನಂಗೇ ಮನಸು ಬರ್ಲಿಲ್ಲ. ನಿಂಗೆ ಜ್ವರ..."

"ಅಜ್ಜಿ ಸತ್ತಾಳೆ. ಅಪ್ಪ ಸತ್ತಾನೆ. ಕೇಳಾಕೆ ಯಾರದಾರೆ ಅಂತ ಏನ್ ಬೇಕಾದ್ರೂ ಹೇಳ್ತೀಯಾ? ಯಾರಾರ ತಾವು ತಂದ ಪಾತ್ರೆಗೆ ಸವತಿ ಹೆಸ್ರು ಹಾಕ್ಸ್ತಾರೇನು? ಸುಳ್ಳು ಹೇಳಾಕೂ ಒಂದು ಹದ ಇರ್ಬೇಕು ಚಿಗವ್ವ."

"ವೀರೇಶಾ..."

"ಸತ್ತೋಳ ಮ್ಯಾಲೂ ಹೊಟ್ಟಿಕಿಚ್ಚಾ? ನಮ್ಮವ್ವಂದು ಒಂದು ಫೋಟೋನೂ ಇಲ್ಲ ನನ್ನತ್ರ. ಮುಖ ಹೆಂಗಿತ್ತು ಅಂತನೂ ಗೊತ್ತಿಲ್ಲ. ಇರಾದು ಇದೊಂದು. ಅದನ್ನೂ ಕಸ್ಕಂತೀಯಾ?"

ದ್ರಾಕ್ಷಾಯಣಮ್ಮ ತಟ್ಟೆ ತೊಳೆದಳು. ಅವನ ಸಂಕಟ ಸುಳ್ಳಲ್ಲ ಎಂದು ಅವಳಿಗೆ ಗೊತ್ತು. ಹಾಲಮ್ಮನದು ಒಂದು ಫೋಟೋ ಇದ್ದಿದ್ದರೆ ತಾನೇ ಕಟ್ಟು ಹಾಕಿಸಿ ಕೊಡುತ್ತಿದ್ದಳು. ಪಾತ್ರೆ ಇಟ್ಟುಕೊಳ್ಳಲಿ, ಪೂಜೆ ಬೇಕಾದರೂ ಮಾಡಲಿ. ಆದರೆ ಸುಳ್ಳಿ ಎನ್ನಿಸಿಕೊಂಡು ಅವನ ಮನೆಯ ಅನ್ನ ಹೇಗೆ ಉಣ್ಣುವುದು? ಹೀಗೇ ಒಂದು ವಾರ. ತಟ್ಟೆ ಇಡುವ ಸದ್ದು, ಕುಕ್ಕರಿನ ಸೀಟಿ, ಟಿವಿ. ವೀರೇಶ ಅವಳು ಬಡಿಸಿದರೆ ತಿಂದ, ಮುಖ ಎತ್ತಲಿಲ್ಲ.

ಒಂದು ಬೆಳಿಗ್ಗೆ ಅವಳು ಸ್ನೇಹಾಳಿಗಷ್ಟೇ ಹೇಳಿ ಹರಿಹರದ ಬಸ್ಸು ಹತ್ತಿದಳು. ಸತ್ಯ ಗೊತ್ತಿದ್ದವನು ಇನ್ನೊಬ್ಬ ಬದುಕಿದ್ದ. ಅವನ ಬಾಯಿಂದ ಒಂದು ಮಾತು ಬಂದರೆ ಸಾಕು.

ವಾಮದೇವಪ್ಪನ ಮನೆ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ. ಅವನು ಪೇಪರು ಓದುತ್ತ ಕಟ್ಟೆಯ ಮೇಲೆ ಕೂತಿದ್ದ. ಇವಳನ್ನು ಕಂಡದ್ದೇ ಎದ್ದು, "ಬರ್ರಿ ತಂಗೆಮ್ಮ, ಬರ್ರಿ. ಲೇ, ಮಂಡಕ್ಕಿ ಒಗ್ಗರಣೆ ಮಾಡೇ" ಎಂದ. ನಿರ್ಮಲಮ್ಮ ಒಳಗಿನಿಂದ ಇಣುಕಿ ನೋಡಿ ಸರಿದಳು.

"ಅಣ್ಣಾರೆ, ನಾನು ಸುತ್ತಿ ಬಳಸಿ ಮಾತಾಡಾಕೆ ಬಂದಿಲ್ಲ. ಹಾಲಮ್ಮಕ್ಕನ ಜೊತಿಗೆ ನೀವು ಕೊಟ್ಟಿದ್ದೇನು, ಹೇಳ್ರಿ."

ವಾಮದೇವಪ್ಪ ಪೇಪರು ಮಡಚಿದ. ಮತ್ತೆ ಬಿಚ್ಚಿದ.

"ಒಂದು ತಂಬಿಗಿ," ಎಂದ ಕೊನೆಗೆ. "ಅದೂ ಸೋರ್ತಿತ್ತು. ನಮ್ಮಪ್ಪಗೆ ಆಗ ಏನೂ ಇರ್ಲಿಲ್ಲ. ನಿಮ್ಮತ್ತಿ ಅದನ್ನ ಬೀದಿಗೆ ಎಸೆದ್ಲಂತೆ. ಅಕ್ಕ ಅತ್ಕಂಡು ಬಂದಿದ್ಲು."

"ಅದನ್ನೇ ವೀರೇಶಗೆ ಹೇಳ್ರಿ. ನೀವು ಹೇಳಿದ್ರೆ ನಂಬ್ತಾನೆ."

"ಹೇಳಾಕೆ ಬರ್ತೈತೇನಮ್ಮ? ವಿಚಾರ ಮಾಡ್ರಿ. ಆ ಬೀಗರ ಮುಂದೆ ಹುಡುಗ ನಮ್ಮ ಮನೆತನ ಎತ್ತಿ ಹಿಡಿದಾನೆ. ಈಗ ಹೋಗಿ, ಇಲ್ಲಪ್ಪ, ನಾವು ಸೋರೋ ತಂಬಿಗಿ ಕೊಟ್ಟು ಕಳ್ಸಿದ್ವಿ ಅಂತ ಹೇಳ್ಲಾ? ನಿಮಗೇನು, ಪಾತ್ರೆ ಎಲ್ಲಿಗೂ ಹೋಗಿಲ್ಲ, ಮನ್ಯಾಗೇ ಅವೆ."

"ನನ್ನ ಸುಳ್ಳಿ ಅಂದಾನ್ರಿ."

"ಮಕ್ಳು ಅಂತಾರೆ. ತಾಯಿ ಆದೋಳು ನುಂಗ್ಕಬೇಕು. ನೀವೂ ನಂಗೆ ಅಕ್ಕನ ಜಾಗದಾಗೇ ಇರೋರು."

ತಾಯಿ! ನುಂಗಿಕೊಳ್ಳುವುದಕ್ಕೆ ಮಾತ್ರ ಇವಳು ತಾಯಿ, ಹೆಸರಿಗೆ ಹಾಲಮ್ಮ. ದ್ರಾಕ್ಷಾಯಣಮ್ಮ ಎದ್ದಳು. ನಿರ್ಮಲಮ್ಮ ತಂದಿಟ್ಟ ಮಂಡಕ್ಕಿ ಹಾಗೇ ಉಳಿಯಿತು.

ಬಸ್ಸಿನಲ್ಲಿ ಬರುವಾಗ ಅವಳಿಗೆ ಛಲ ಹುಟ್ಟಿತು. ತನ್ನ ಕೈಯಾರೆ ತಂದು ತನ್ನ ಹೆಸರು ಹಾಕಿಸಿದ್ದು ಒಂದಾದರೂ ಆ ಮನೆಯಲ್ಲಿ ಇರಬೇಕು. ಇಷ್ಟು ವಯಸ್ಸಾಯಿತು, ನೀರು ಕುಡಿಯುವ ಒಂದು ತಂಬಿಗೆಯಾದರೂ ದ್ರಾಕ್ಷಾಯಣಮ್ಮನದು ಬೇಡವೇ? ಹಳೇ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೇರ ಚೌಕಿಪೇಟೆಗೆ ನಡೆದಳು. ಹಿತ್ತಾಳೆ ತಂಬಿಗೆಯೊಂದನ್ನು ಬೆರಳಲ್ಲಿ ಬಡಿದು, ಸದ್ದು ಕೇಳಿ ಆರಿಸಿಕೊಂಡಳು. ಪಕ್ಕದಲ್ಲೇ ಮಸ್ತಾನಸಾಬನ ಕಟ್ಟೆ. ಅವನು ಹೋಗಿ ಬಹಳ ವರ್ಷವಾಗಿತ್ತು. ಈಗ ಅವನ ಸೊಸೆ ಮಾಬೂಬೀ ಕೂರುತ್ತಾಳೆ. ಉಳಿ ಸುತ್ತಿಗೆ ಇಲ್ಲ, ಕರೆಂಟಿನ ಮಿಷನ್ನು. ಮದುವೆ ಕಾಲ, ಪಾತ್ರೆ ಹಿಡಿದ ಜನ ಮುಗಿಬಿದ್ದಿದ್ದರು.

ಮಾಬೂಬೀ ತಂಬಿಗೆ ಇಸಿದುಕೊಂಡಳು. ತಲೆ ಎತ್ತಲಿಲ್ಲ.

"ಹೆಸ್ರು ಹೇಳಮ್ಮಾ, ಜಲ್ದಿ."

"ಹಾಲಮ್ಮ."

ಮಿಷನ್ನು ಕರ್ರೆಂದಿತು. ತಾನೇನು ಹೇಳಿದೆ ಎಂದು ದ್ರಾಕ್ಷಾಯಣಮ್ಮನಿಗೆ ಗೊತ್ತಾಗುವಷ್ಟರಲ್ಲಿ ಹೆಸರು ಮುಗಿದಿತ್ತು. ಮಾಬೂಬೀ ಹಿತ್ತಾಳೆಯ ಪುಡಿ ಊದಿ ತಂಬಿಗೆ ಕೈಗಿಟ್ಟು ಮುಂದಿನವರ ಪಾತ್ರೆಗೆ ಕೈ ಚಾಚಿದಳು. ಆ ಕಟ್ಟೆಯ ಮುಂದೆ ನಿಂತಾಗೆಲ್ಲ ದ್ರಾಕ್ಷಾಯಣಮ್ಮನ ಬಾಯಿ ಒಂದೇ ಹೆಸರು ಹೇಳಿತ್ತು, ಇವತ್ತೂ ಹೇಳಿತು. ತನ್ನ ಹೆಸರು ಅವಳಿಗೇ ನೆನಪಾಗಲಿಲ್ಲ. ಬೀದಿಯಲ್ಲಿ ನಿಂತು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು. ಸೆರಗಿನಲ್ಲಿ ತಂಬಿಗೆ ಮುಚ್ಚಿಕೊಂಡು ಆಟೋ ಹತ್ತಿದಳು.

ಮನೆಯಲ್ಲಿ ಸ್ನೇಹಾ ಅದನ್ನು ಕಂಡಳು, ಓದಿದಳು, ಅಜ್ಜಿಯ ಮುಖ ನೋಡಿದಳು. ಹುಡುಗಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ವೀರೇಶ ಊಟಕ್ಕೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ತಂಬಿಗೆ ಹಿಡಿದು ಎದುರು ನಿಂತಳು.

"ಅಪ್ಪಾಜಿ, ಇದನ್ನ ಓದು."

ವೀರೇಶ ಓದಿದ. "ಎಲ್ಲಿತ್ತು ಇದು? ಅವ್ವಂದು ಇನ್ನೂ ಎಷ್ಟು ಮುಚ್ಚಿಟ್ಟೀರಿ?"

"ಇವತ್ತಿಂದಿದು. ಒಳಗೆ ನೋಡು, ಅಂಗಡಿ ಚೀಟಿ ಇನ್ನೂ ಅಂಟೈತೆ. ಅಜ್ಜಿ ತನಗೆ ಅಂತ ತಂದಿದ್ದು. ಹೆಸ್ರು ಯಾರ್ದು ಹಾಕ್ಸಿದಾಳೆ ನೋಡು. ಯಾರಾರ ಸವತಿ ಹೆಸ್ರು ಹಾಕ್ಸ್ತಾರೇನು ಅಂದ್ಯಲ್ಲ, ಇವ್ಳು ಹಾಕ್ಸ್ತಾಳೆ. ಅವೆಲ್ಲಾ ಹಂಗೇ ಬಂದಿದ್ದು, ಅಪ್ಪಾಜಿ."

ವೀರೇಶ ತಂಬಿಗೆಯನ್ನು ತಿರುಗಿಸಿ ನೋಡಿದ. ಚೀಟಿ ನೋಡಿದ. ಹೆಬ್ಬೆರಳು ತಾನಾಗಿ ಅಕ್ಷರಗಳ ಮೇಲೆ ಹೋಯಿತು: ಹಾ, ಲ, ಮ್ಮ. ಅವನ ಮುಖದ ಬಣ್ಣ ಇಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಣಮ್ಮ ಅದನ್ನು ಕಂಡಳು. ಅವನಿಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು. ಹಂಡೆಯ ಮುಂದೆ ಒದ್ದೆ ಮೈಯಲ್ಲಿ ನಿಂತ ಹುಡುಗನ ಮುಖ ಅದು; ಈಗ 'ಅವ್ವಾ' ಎಂದುಬಿಡುತ್ತಾನೆ ಎನ್ನಿಸಿ ಅವಳ ಕಾಲು ಎರಡು ಹೆಜ್ಜೆ ಮುಂದೆ ಬಂದೇಬಿಟ್ಟವು.

ವೀರೇಶ ಶೋಕೇಸಿನ ಕಡೆ ನೋಡಿದ. ಬಾಗಿಲ ಪಕ್ಕದ ಹಂಡೆ ನೋಡಿದ. ಆಮೇಲೆ ಉಗುರಿನಿಂದ ಚೀಟಿಯನ್ನು ಕಿತ್ತ, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಕೀಲಿ ತೆಗೆದು ಗಾಜಿನ ಬಾಗಿಲು ಸರಿಸಿ, ಹಳೇ ತಂಬಿಗೆಯ ಖಾಲಿ ಜಾಗದಲ್ಲಿ ಹೊಸದನ್ನಿಟ್ಟ. ಹೆಸರು ಎದುರಿಗೆ ಬರುವ ಹಾಗೆ ಒಂಚೂರು ತಿರುಗಿಸಿದ. ಬೀಗ ಹಾಕಿದ.

"ಅಪ್ಪಾಜಿ!" ಎಂದಳು ಸ್ನೇಹಾ.

"ನೀನು ಒಳಗೆ ಹೋಗು. ಪರೀಕ್ಷೆ ಐತೆ, ಓದ್ಕ." ಅವನು ಯಾರ ಮುಖವನ್ನೂ ನೋಡದೆ ಕೈ ತೊಳೆದು ಬಂದು ಮೇಜಿನ ಮುಂದೆ ಕೂತ. ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದ: "ಚಿಗವ್ವ, ಹಸಿವಾಗೈತೆ. ಎರಡು ಬಿಸಿ ರೊಟ್ಟಿ ಹಾಕು."

ಒಲೆಯ ಮೇಲೆ ಹಂಚು ಕಾದಿತ್ತು. ದ್ರಾಕ್ಷಾಯಣಮ್ಮ ಒಳಗೆ ಹೋಗಿ ಗ್ಯಾಸು ಆರಿಸಿದಳು. ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹಾಲಿಗೆ ಬಂದು ನಿಂತಳು.

"ನಿಮ್ಮವ್ವನ್ನ ಕೇಳಪ್ಪ," ಎಂದಳು. "ಶೋಕೇಸಿನಾಗೆ ಅದಾಳಲ್ಲ."